ಭುಜದ ಆಪರೇಷನ್ ಆಗಿ 11 ದಿನ, ರಾತ್ರಿ ನಿದ್ರೆಯೇ ಇಲ್ಲ. ಹೇಗೆ ಮಲಗಬೇಕು?

ನೀವು ಕೇಳಿದ್ದು ಇಷ್ಟು: ಬೈಕಿನಿಂದ ಬಿದ್ದು ಬಲ ಭುಜದ ಹತ್ತಿರ ಮೂಳೆ ಮುರಿದಿದೆ, ಪ್ಲೇಟ್ ಹಾಕಿ 11 ದಿನ ಆಗಿದೆ. ಮಲಗಿದರೆ ನೋವು, ಕೂತರೆ ತೂಕಡಿಕೆ. ಒಂದೇ ಸಮ ಎರಡು ಗಂಟೆ ನಿದ್ರೆ ಆದರೆ ಅದೇ ದೊಡ್ಡದು. ನಿದ್ರೆ ಮಾತ್ರೆ ತಗೊಳ್ಳಬಹುದಾ ಅಂತಲೂ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಾಲ್ಕು ಅಡಿಕೆ ಮರ ಇಟ್ಟುಕೊಂಡಿರುವವನು. 2021ರ ಆಗಸ್ಟ್‌ನಲ್ಲಿ ತೋಟದ ಸಂಕ ದಾಟುವಾಗ ಜಾರಿ ಹಳ್ಳಕ್ಕೆ ಬಿದ್ದೆ. ಬಯಲುಸೀಮೆಯವರಿಗೆ ಸಂಕ ಗೊತ್ತಿರಲಿಕ್ಕಿಲ್ಲ. ಹಳ್ಳದ ಮೇಲೆ ಅಡಿಕೆ ಮರ ಅಡ್ಡ ಹಾಕಿ ಮಾಡಿದ ಕಾಲುಸೇತುವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಸೋಪು ಹಚ್ಚಿಟ್ಟ ಹಾಗಿರುತ್ತದೆ. ಮೂವತ್ತು ವರ್ಷ ದಿನಾ ದಾಟಿದ ಸಂಕ ಅದು. ಎಡ ತೋಳಿನ ಮೂಳೆ ಭುಜದ ಬುಡದಲ್ಲೇ ಮುರಿಯಿತು. ಅದೇ ಕಡೆಯ ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ಒಂದು ಪ್ಲೇಟು, ಎಂಟು ಸ್ಕ್ರೂ. ಹಾಗಾಗಿ 11ನೇ ದಿನದ ರಾತ್ರಿ ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿದ್ರೆಯ ಯೋಚನೆ ಆಮೇಲೆ. ಮೊದಲು ನಿಮ್ಮ ಮೊಣಕೈ ಎಲ್ಲಿದೆ ನೋಡಿ.

ನಾವು ಅಂಗಾತ ಮಲಗಿದಾಗ ಎದೆ ದಪ್ಪ, ತೋಳು ತೆಳು. ಭುಜ ಮೇಲೇ ಉಳಿಯುತ್ತದೆ, ಮೊಣಕೈ ಮಾತ್ರ ಹಾಸಿಗೆಯ ತನಕ ಇಳಿಯುತ್ತದೆ. ಅಂದರೆ ತೋಳು ಹಿಂದಕ್ಕೆ ಜೋತು ಬಿದ್ದ ಹಾಗೆ. ಆ ಭಾರವನ್ನೆಲ್ಲ ಮುರಿದ ಜಾಗ, ಕೊಯ್ದು ಹೊಲಿದ ಜಾಗ ಹೊರಬೇಕು. ಹಗಲಲ್ಲಿ ಕೂತಿರುವಾಗ ಕೈ ಹೊಟ್ಟೆಯ ಮೇಲಿರುತ್ತದೆ, ಸ್ಲಿಂಗ್, ಅಂದರೆ ಕುತ್ತಿಗೆಯಿಂದ ಇಳಿಬಿಟ್ಟ ಕೈಚೀಲ, ಅದರ ಭಾರ ಹೊತ್ತಿರುತ್ತದೆ. ರಾತ್ರಿ ಮಲಗಿದ ಕೂಡಲೇ ಲೆಕ್ಕ ತಪ್ಪುತ್ತದೆ. ನಾನು ಎಂಟು ರಾತ್ರಿ ಇದು ಗೊತ್ತಿಲ್ಲದೆ ಒದ್ದಾಡಿದೆ. ತಲೆ ಕೆಳಗೆ ದಿಂಬು ಸೇರಿಸಿದೆ, ತೆಗೆದೆ, ಮಂಚ ಬದಲಿಸಿದೆ, ದಿಕ್ಕು ಬದಲಿಸಿದೆ. ಉತ್ತರಕ್ಕೆ ತಲೆ ಹಾಕಿದ್ದಕ್ಕೇ ಹೀಗೆ ಅಂತ ಅಮ್ಮನಿಗೆ ಅನುಮಾನ.

ಒಂಬತ್ತನೇ ದಿನ ಡ್ರೆಸ್ಸಿಂಗ್‌ಗೆ ಹೋದಾಗ ಫಿಸಿಯೋಥೆರಪಿ ಮಾಡುವ ಹುಡುಗಿ ಒಂದೇ ಪ್ರಶ್ನೆ ಕೇಳಿದಳು. "ಮಲಗಿದಾಗ ನಿಮ್ಮ ಮೊಣಕೈ ನಿಮಗೆ ಕಾಣುತ್ತಾ ಸರ್?" ಇಲ್ಲ ಅಂದೆ. "ಕಾಣಬೇಕು. ಕಾಣಲಿಲ್ಲ ಅಂದ್ರೆ ಅದು ಕೆಳಗೆ ಹೋಗಿದೆ ಅಂತ."

ಅವತ್ತು ರಾತ್ರಿ ಹೆಂಡತಿ ಒಂದು ಬೈರಾಸನ್ನು, ಅಂದರೆ ಮೈ ಒರೆಸುವ ಟವಲನ್ನು, ನಾಲ್ಕು ಮಡಿಕೆ ಮಾಡಿ ಮೊಣಕೈ ಕೆಳಗೆ ತೂರಿಸಿದಳು. ಏನೂ ವ್ಯತ್ಯಾಸ ಇಲ್ಲ. ಅದರ ಮೇಲೆ ಇನ್ನೊಂದು ಇಟ್ಟಳು. ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಮೂರನೆಯದಕ್ಕೆ ಮಗಳ ಹಳೇ ಶಾಲು ಸಿಕ್ಕಿತು, ಅದನ್ನು ಇಟ್ಟು ಕೈ ಬಿಟ್ಟಳು. ಬಿಟ್ಟ ಕೂಡಲೇ ತೋಳಿನ ಒಳಗೆ ಎಲ್ಲೋ ಬಿಗಿದಿದ್ದ ಹಗ್ಗ ಸಡಿಲ ಆದ ಹಾಗಾಯಿತು. ನಾನು ಹಲ್ಲು ಕಚ್ಚಿಕೊಂಡಿದ್ದೆ ಅಂತ ನನಗೆ ಗೊತ್ತಾಗಿದ್ದೇ ಅದನ್ನು ಬಿಟ್ಟಾಗ. "ಹುಬ್ಬು ಇಳೀತು ನೋಡಿ" ಅಂದಳು. ಅವತ್ತು ಮೂರೂವರೆ ಗಂಟೆ ಎಚ್ಚರವೇ ಇಲ್ಲದೆ ಮಲಗಿದೆ.

ಹಾಗಾಗಿ ನೀವೂ ಮಡಿಕೆ ಹಾಕುತ್ತಾ ಹೋಗಿ. ಎಷ್ಟು ಎತ್ತರ ಅನ್ನುವುದು ನಿಮ್ಮ ಎದೆ, ನಿಮ್ಮ ಹಾಸಿಗೆಯ ಮೇಲೆ ಹೋಗುತ್ತದೆ. ಜಾಸ್ತಿ ಆದರೂ ಕಷ್ಟ, ಭುಜ ಕಿವಿಯ ಕಡೆ ಏರಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಮೊಣಕೈಗೆ ಮಾತ್ರ ಆಧಾರ ಕೊಟ್ಟು ತೋಳಿನ ಕೆಳಗೆ ಖಾಲಿ ಬಿಡಬೇಡಿ, ತೋಳಿನ ಉದ್ದಕ್ಕೂ ತುಂಬಿಸಿ. ಬೂರುಗದ ಹತ್ತಿಯ ಹಳೇ ದಿಂಬು ಮನೆಯಲ್ಲಿದ್ದರೆ ಅದರಂಥದ್ದು ಇನ್ನೊಂದಿಲ್ಲ. ಒತ್ತಿದ ಹಾಗೆ ನಿಲ್ಲುತ್ತದೆ. ಫೋಮ್ ದಿಂಬು ಪುಟಿದು ಪುಟಿದು ಕೈಯನ್ನು ತಳ್ಳುತ್ತದೆ.

ಎರಡನೆಯದು, ಪೂರ್ತಿ ಚಪ್ಪಟೆ ಮಲಗುವ ಆಸೆ ಸದ್ಯಕ್ಕೆ ಬಿಡಿ. ಅರ್ಧ ಕೂತು ಅರ್ಧ ಮಲಗಬೇಕು. ಭುಜದ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಹೇಳುವುದು ಇದನ್ನೇ. ಬೆನ್ನು ಸುಮಾರು 30ರಿಂದ 45 ಡಿಗ್ರಿ ಎತ್ತರದಲ್ಲಿದ್ದರೆ ತೋಳು ಹಿಂದಕ್ಕೆ ಬೀಳುವುದು ಕಡಿಮೆ, ಏಳುವಾಗಲೂ ಸುಲಭ. ಆದರೆ ದಿಂಬಿನ ಮೇಲೆ ದಿಂಬು ಪೇರಿಸಿದರೆ ಬೆಳಗಾಗುವಷ್ಟರಲ್ಲಿ ಅವೆಲ್ಲ ಎತ್ತೆತ್ತಲೋ ಹೋಗಿರುತ್ತವೆ.

ನಮ್ಮಲ್ಲಿ ಬಾಣಂತಿಯರಿಗೆ, ಉಬ್ಬಸದವರಿಗೆ ಮಾಡುತ್ತಿದ್ದ ಉಪಾಯ ಒಂದಿದೆ, ಅದನ್ನೇ ಮಾಡಿದೆವು. ಕೈ ಇಲ್ಲದ ಮರದ ಕುರ್ಚಿ ತಗೊಳ್ಳಿ. ಮಂಚದ ತಲೆಯ ಕಡೆ ಅದನ್ನು ಬೋರಲು ಹಾಕಿ. ಕುರ್ಚಿಯ ಕಾಲು ಗೋಡೆಯ ಕಡೆಗೆ, ಒರಗುವ ಭಾಗದ ಹಿಂಬದಿ ನಿಮ್ಮ ಕಡೆಗೆ ಇಳಿಜಾರಾಗಿ ಬರಬೇಕು. ಅದರ ಮೇಲೆ ದಪ್ಪನೆಯ ರಗ್ಗು ಅಥವಾ ಕೌದಿ ಎರಡು ಮಡಿಕೆ, ಮೇಲೆ ದಿಂಬು. ಗೋಡೆಗೆ ಒತ್ತಿ ಇಟ್ಟರೆ ಜಾರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಬೇಡ, ನಡುರಾತ್ರಿ ಕಿರ್ರ್ ಅಂತ ಬಗ್ಗುತ್ತದೆ, ಜೀವ ಬಾಯಿಗೆ ಬರುತ್ತದೆ.

ಇಳಿಜಾರಿನಲ್ಲಿ ಮಲಗಿದರೆ ದೇಹ ಮೆಲ್ಲಗೆ ಕೆಳಗೆ ಜಾರುತ್ತದೆ. ಎರಡು ಗಂಟೆಗೊಮ್ಮೆ ಎಚ್ಚರ ಆಗುವುದಕ್ಕೆ ಇದೂ ಒಂದು ಕಾರಣ. ಮಂಡಿಯ ಕೆಳಗೆ ಒಂದು ಉರುಟು ದಿಂಬು ಇಡಿ, ಜಾರುವುದು ನಿಲ್ಲುತ್ತದೆ, ಸೊಂಟಕ್ಕೂ ಹಿತ. ಆದರೆ ಆಗಾಗ ಕಾಲು ಚಾಚಿ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಮಲಗಿಕೊಂಡೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ.

ಆರಾಮ ಕುರ್ಚಿಯ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಜಗಲಿಯಲ್ಲಿ ಅಜ್ಜನ ಕಾಲದ್ದು, ಕ್ಯಾನ್ವಾಸ್ ಬಟ್ಟೆಯದು ಇತ್ತು. ಮೊದಲ ರಾತ್ರಿ ಸ್ವರ್ಗ ಅನ್ನಿಸಿತು. ಒಂದೂವರೆಗೆ ಬಚ್ಚಲಿಗೆ ಹೋಗಬೇಕು ಅಂತ ಏಳಲು ಹೋದರೆ ಆಗುತ್ತಲೇ ಇಲ್ಲ. ಬಟ್ಟೆ ಒಳಗೆ ಜೋಲು ಬಿದ್ದಿರುತ್ತದೆ, ಎರಡೂ ಕೈ ಊರದೆ ಅದರಿಂದ ಏಳುವುದು ಸಾಧ್ಯವಿಲ್ಲ. ಕೈ ಊರಿದರೆ ಪ್ಲೇಟಿನ ಗತಿ? ಆಮೆ ಬೋರಲು ಬಿದ್ದ ಹಾಗೆ ಒದ್ದಾಡಿ ಕೊನೆಗೆ ಮಗಳನ್ನು ಕೂಗಿದೆ. ಹಗಲಲ್ಲಿ ಯಾರಾದರೂ ಹತ್ತಿರ ಇರುವಾಗ ಕೂರಿ, ರಾತ್ರಿಗೆ ಬೇಡ.

ದುಡ್ಡಿನ ಅನುಕೂಲ ಇದ್ದರೆ ಫೌಲರ್ ಕಾಟ್ ಬಾಡಿಗೆಗೆ ತನ್ನಿ. ಆಸ್ಪತ್ರೆಯಲ್ಲಿ ಕಾಲಿನ ಕಡೆ ಹ್ಯಾಂಡಲ್ ತಿರುಗಿಸಿ ತಲೆಯ ಭಾಗ ಎತ್ತುತ್ತಾರಲ್ಲ, ಅದೇ ಮಂಚ. ಊರಿನ ಸರ್ಜಿಕಲ್ ಅಂಗಡಿಗಳಲ್ಲಿ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಹ್ಯಾಂಡಲ್ ಸರಿಯಾಗಿ ತಿರುಗುತ್ತದಾ ಅಂತ ಅಂಗಡಿಯಲ್ಲೇ ನೋಡಿ ತನ್ನಿ.

ಸ್ಲಿಂಗ್ ರಾತ್ರಿ ಬಿಚ್ಚಬೇಡಿ, ಡಾಕ್ಟರ್ ಬಿಚ್ಚಿ ಅನ್ನುವ ತನಕ. ನಿದ್ರೆಯಲ್ಲಿ ಕೈ ಎತ್ತ ಹೋಗುತ್ತದೆ ಅಂತ ನಮಗೆ ಗೊತ್ತಾಗುವುದಿಲ್ಲ. ಸೊಳ್ಳೆ ಕಚ್ಚಿದರೆ ಸಾಕು, ಹೊಡೆಯಲು ಕೈ ಎದ್ದಿರುತ್ತದೆ. ಅದಕ್ಕೇ ಸೊಳ್ಳೆ ಪರದೆ ಕಟ್ಟಿಸಿಕೊಳ್ಳಿ, ಆದರೆ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸುವ ಕೆಲಸ ಮನೆಯವರದ್ದು, ಒಂದೇ ಕೈಯಲ್ಲಿ ನೀವು ಬಗ್ಗಬೇಡಿ. ಸ್ಲಿಂಗಿನ ಪಟ್ಟಿ ಕುತ್ತಿಗೆ ಕೊರೆಯುತ್ತಿದ್ದರೆ ಅಲ್ಲಿ ಒಂದು ಹತ್ತಿ ಕರವಸ್ತ್ರ ಮಡಚಿ ಇಡಿ. ಮಣಿಕಟ್ಟು ಚೀಲದಿಂದ ಹೊರಗೆ ಜೋಲದ ಹಾಗೆ ನೋಡಿಕೊಳ್ಳಿ, ಬೆಳಗ್ಗೆ ಬೆರಳು ಊದಲು ಅದೂ ಕಾರಣ. ಉಂಗುರ ಇನ್ನೂ ಬೆರಳಲ್ಲೇ ಇದ್ದರೆ ಇವತ್ತೇ ತೆಗೆಯಿರಿ. ಮಲಗುವ ಮುಂಚೆ ಹತ್ತು ಹದಿನೈದು ಸಲ ಮುಷ್ಟಿ ಕಟ್ಟಿ ಬಿಡಿ.

ಹೊದಿಕೆಯ ಭಾರವೂ ಆಗಿಬರುವುದಿಲ್ಲ. ಆಗಸ್ಟ್ ಮಳೆ, ಕಂಬಳಿ ಇಲ್ಲದೆ ನಡೆಯುವುದಿಲ್ಲ, ಭುಜದ ಮೇಲೆ ಹಾಕಿದರೆ ಕಲ್ಲು ಇಟ್ಟ ಹಾಗೆ. ಕಂಬಳಿ ಸೊಂಟದ ತನಕ, ಮೇಲೆ ಅಮ್ಮನ ಹಳೇ ಹತ್ತಿ ಸೀರೆ ಎರಡು ಮಡಿಕೆ. ಅಂಗಿ ಮುಂದೆ ಗುಂಡಿ ಇರುವುದೇ ಆಗಲಿ, ಎರಡು ಸೈಜ್ ದೊಡ್ಡದು. ಕಂಕುಳಲ್ಲಿ ಬೆವರಿ ತುರಿಕೆ ಶುರುವಾದರೆ ಒಂದು ತೆಳು ಹತ್ತಿ ಬಟ್ಟೆ ಮಡಚಿ ಇಟ್ಟುಕೊಂಡರೆ ಸಾಕು. ಗಾಯದ ಹತ್ತಿರ ಪೌಡರ್ ಹಾಕಬೇಡಿ.

ಏಳುವ ಕ್ರಮ ಹಗಲಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ. ನಿಮ್ಮದು ಬಲಗೈ ಅಲ್ವಾ? ಹಾಗಾದರೆ ಮಂಚದ ಎಡಕ್ಕೆ ಇಳಿಯುವ ಹಾಗಿರಬೇಕು, ಬಲಕ್ಕೆ ಗೋಡೆ. ಕಾಲು ಮೊದಲು ಕೆಳಗೆ ಬಿಡಿ, ಎಡ ಮೊಣಕೈ ಊರಿ, ಕಾಲಿನ ಭಾರವೇ ಎಳೆದು ಕೂರಿಸುತ್ತದೆ. ಎದ್ದ ಕೂಡಲೇ ನಡೆಯಬೇಡಿ, ಒಂದು ನಿಮಿಷ ಕೂತಿರಿ. ನೋವಿನ ಮಾತ್ರೆ, ಖಾಲಿ ಹೊಟ್ಟೆ, ಕತ್ತಲೆ ಮೂರೂ ಸೇರಿದರೆ ತಲೆ ತಿರುಗುತ್ತದೆ. ಇನ್ನೊಂದು ಸಲ ಬಿದ್ದರೆ ಕಥೆ ಮುಗಿಯಿತು. ಸಣ್ಣ ದೀಪ ಉರಿಯುತ್ತಿರಲಿ, ಕರೆಂಟ್ ಹೋಗುವ ಊರಾದರೆ ದಿಂಬಿನ ಹತ್ತಿರ ಟಾರ್ಚ್. ಬಚ್ಚಲು ಮನೆ ಹೊರಗಿದ್ದರೆ ಯೂರಿನ್ ಕ್ಯಾನ್ ತಂದಿಟ್ಟುಕೊಳ್ಳಿ, ನಾಚಿಕೆ ಏನಿಲ್ಲ.

ಈಗ ಮಾತ್ರೆಯ ವಿಷಯ. ನನಗೆ ಕೊಟ್ಟಿದ್ದು ಪ್ಯಾರಸಿಟಮಾಲ್ 650, ದಿನಕ್ಕೆ ಮೂರು. ಜೊತೆಗೆ ಮೊದಲ ಕೆಲವು ದಿನ ಟ್ರಮಡಾಲ್, ಅದು ಇನ್ನೂ ಜೋರಾದ ನೋವಿನ ಮಾತ್ರೆ. ನಾನು ರಾತ್ರಿಯ ಮಾತ್ರೆ ಏಳೂವರೆಗೆ ಊಟ ಆದ ಕೂಡಲೇ ನುಂಗುತ್ತಿದ್ದೆ. ಮಲಗುವುದು ಹತ್ತೂವರೆಗೆ. ಪ್ಯಾರಸಿಟಮಾಲ್ ಕೆಲಸ ಮಾಡುವುದು ಸುಮಾರು ನಾಲ್ಕರಿಂದ ಆರು ಗಂಟೆ. ಅಂದರೆ ನಿದ್ರೆ ಹತ್ತುವ ಹೊತ್ತಿಗೆ ಅದರ ಕೆಲಸ ಅರ್ಧ ಮುಗಿದಿರುತ್ತಿತ್ತು! ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ರಾತ್ರಿಯದನ್ನು ಹತ್ತು ಗಂಟೆಗೆ ತಗೊಳ್ಳಿ ಅಂದರು. ಮಾತ್ರೆ ಒಂದೂ ಜಾಸ್ತಿ ಆಗಲಿಲ್ಲ, ಗಂಟೆ ಬದಲಾಯಿತು ಅಷ್ಟೆ. ನೀವೂ ಇದನ್ನು ನಿಮ್ಮ ಡಾಕ್ಟರಿಗೆ ಕೇಳಿ. ಕೇಳದೆ ಸಂಖ್ಯೆ ಏರಿಸಬೇಡಿ. ದೊಡ್ಡವರಿಗೆ ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನೋವು ತಡೆದುಕೊಂಡರೆ ಗಂಡಸುತನ ಅನ್ನುವವರ ಮಾತು ಕೇಳಬೇಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಸಂಜೆ ಹೊತ್ತು ಒಂದು ಹದಿನೈದು ನಿಮಿಷ ಐಸ್ ಇಟ್ಟರೂ ಅನುಕೂಲ, ಬಟ್ಟೆಯಲ್ಲಿ ಸುತ್ತಿ, ಡ್ರೆಸ್ಸಿಂಗ್ ಒದ್ದೆ ಆಗದ ಹಾಗೆ.

ಟ್ರಮಡಾಲ್ ತಗೊಳ್ಳುತ್ತಿದ್ದರೆ ಮಲಬದ್ಧತೆ ಆಗುತ್ತದೆ. ಹೊಟ್ಟೆ ಉಬ್ಬಿದ್ದರೆ ಎಂಥ ದಿಂಬು ಇಟ್ಟರೂ ನಿದ್ರೆ ಬರುವುದಿಲ್ಲ, ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನೀರು, ಬಾಳೆಹಣ್ಣು, ಸೊಪ್ಪು, ಅದರಲ್ಲೂ ಆಗದಿದ್ದರೆ ಡಾಕ್ಟರನ್ನು ಕೇಳಿ ಒಂದು ಔಷಧಿ.

ನಿದ್ರೆ ಮಾತ್ರೆ ಕೇಳಿದ್ದಿರಿ. ನಿಮ್ಮಷ್ಟಕ್ಕೆ ತಗೊಳ್ಳಬೇಡಿ, ಇದು ಖಡಾಖಂಡಿತ. ನನಗೆ ಪಕ್ಕದ ಮನೆಯವರು ಪ್ರೀತಿಯಿಂದಲೇ ಆಲ್‌ಪ್ರಜೋಲಮ್ ಅನ್ನುವ ನಿದ್ರೆ ಬರಿಸುವ ಮಾತ್ರೆ ಅರ್ಧ ತಂದುಕೊಟ್ಟಿದ್ದರು. ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಅದು ಸೇರಿದರೆ ಉಸಿರಾಟವೇ ನಿಧಾನ ಆಗಬಹುದು, ಜೀವಕ್ಕೆ ಅಪಾಯ. ಗೊರಕೆ ಜಾಸ್ತಿ ಇರುವವರಿಗೆ ಇನ್ನೂ ಕೆಟ್ಟದ್ದು. ಒಂದು ಪೆಗ್ ಹಾಕಿ ಮಲಗು ಅನ್ನುವ ಭಾವಂದಿರಿಗೂ ಇದೇ ಉತ್ತರ. ನಿದ್ರೆ ಪೂರ್ತಿ ಕೆಟ್ಟಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೇ ಹೇಳಿ, ನಿಮ್ಮ ಉಳಿದ ಮಾತ್ರೆ ನೋಡಿ ಅವರು ತೀರ್ಮಾನ ಮಾಡಲಿ.

ನಿಮಗೂ ಪಕ್ಕೆಲುಬು ನೋವಿದ್ದರೆ, ಬೈಕಿನಿಂದ ಬಿದ್ದವರಿಗೆ ಅದು ಇರುವುದುಂಟು, ಬಿಗಿಯಾಗಿ ಬೆಲ್ಟ್ ಬಟ್ಟೆ ಸುತ್ತಿಕೊಳ್ಳಬೇಡಿ. ಉಸಿರು ಆಳಕ್ಕೆ ಹೋಗದೆ ಕಫ ಒಳಗೇ ಕೂರುತ್ತದೆ, ನ್ಯುಮೋನಿಯಾ ಆಗಬಹುದು. ನನಗೆ ಉಸಿರು ಎಳೆದು ಚೆಂಡು ಏರಿಸುವ, ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರು, 600, 900, 1200 ಅಂತ ಬರೆದಿರುತ್ತದಲ್ಲ, ಅದು. ಮೊದಲ ವಾರ ಒಂದೇ ಚೆಂಡು ಏಳುತ್ತಿತ್ತು, ಅದೂ ಅರೆಮನಸ್ಸಿನಲ್ಲಿ. ಮಲಗುವ ಮುಂಚೆ ಹತ್ತು ಸಲ ಎಳೆದು, ದಿಂಬನ್ನು ಪಕ್ಕೆಗೆ ಅವುಚಿಕೊಂಡು ಕೆಮ್ಮಿ ಕಫ ತೆಗೆದುಬಿಟ್ಟರೆ ನಡುರಾತ್ರಿ ಕೆಮ್ಮಿನಿಂದ ಏಳುವುದು ತಪ್ಪುತ್ತದೆ. ಆ ದಿಂಬು ಕೈಗೆ ಸಿಗುವ ಹಾಗೆ ಇರಲಿ. ಸೀನು ಹೇಳಿ ಕೇಳಿ ಬರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರ ಆಗುತ್ತದೆ. ಆಗಲಿ. ಬಾವು, ನೋವು ತಡೆಯುವ ಕಾರ್ಟಿಸೋಲ್ ಅನ್ನುವ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ದೇಹದಲ್ಲಿ ತೀರಾ ಕಡಿಮೆ ಇರುತ್ತದೆ. ಮಾತಾಡಿಸುವವರು ಇಲ್ಲ, ಕೆಲಸ ಇಲ್ಲ, ಮನಸ್ಸಿಗೆ ನೋವು ಬಿಟ್ಟರೆ ಬೇರೇನೂ ಇಲ್ಲ. ಆಗ ಮೊಬೈಲ್ ತೆಗೆದು ಪ್ಲೇಟ್ ಮುರಿದವರ ಕಥೆ ಹುಡುಕಬೇಡಿ, ನಾನು ಮಾಡಿದ ದೊಡ್ಡ ತಪ್ಪು ಅದು. ಎದ್ದು ಕೂತು, ಸ್ವಲ್ಪ ನೀರು ಕುಡಿದು, ಮೊಣಕೈ ಕೆಳಗಿನ ಮಡಿಕೆ ಸರಿ ಮಾಡಿಕೊಂಡು, ಜಗಲಿಗೆ ಹೋಗಿ ನಾಲ್ಕು ಹೆಜ್ಜೆ ಅತ್ತಿತ್ತ ನಡೆದು ಬಂದು ಮತ್ತೆ ಒರಗುತ್ತಿದ್ದೆ. ರಾತ್ರಿ ಮೂರು ಗಂಟೆ ನಿದ್ರೆ, ಎದ್ದು ಮಲಗಿದ ಮೇಲೆ ಮತ್ತೆ ಎರಡು, ಮಧ್ಯಾಹ್ನ ಒಂದು. ಹೀಗೆ ತುಂಡು ತುಂಡಾಗಿ ಆರು ಗಂಟೆ ಆಗುತ್ತಿತ್ತು. ಆ ಮಧ್ಯಾಹ್ನದ ಒಂದು ಗಂಟೆಯನ್ನು ನೋಡಲು ಬರುವವರು ತಿಂದುಬಿಡುತ್ತಾರೆ. ಬಂದವರೆಲ್ಲ ಹೇಗೆ ಬಿದ್ರಿ ಅಂತ ಕೇಳುತ್ತಾರೆ, ಸಂಕದಿಂದ ಶುರು ಮಾಡಬೇಕು, ಅಷ್ಟರಲ್ಲಿ ಕಾಫಿ ಬರುತ್ತದೆ, ನಮಗೂ ಒಂದು ಲೋಟ. ಹೆಂಡತಿ ಕೊನೆಗೆ ಎಲ್ಲರಿಗೂ ಸಂಜೆ ಐದರ ಮೇಲೆ ಬನ್ನಿ ಅಂದಳು. ಒಬ್ಬಿಬ್ಬರಿಗೆ ಬೇಜಾರಾಯಿತು. ಆಗಲಿ ಬಿಡಿ. ನಾಲ್ಕರ ಮೇಲೆ ನನಗೆ ಕಾಫಿ ಬಂದ್, ಕಷಾಯ ಮಾತ್ರ.

ಬೀಳುವ ಕನಸು ಬೀಳುತ್ತಿದೆಯಾ? ನನಗೆ ಬೀಳುತ್ತಿತ್ತು. ನಿದ್ರೆ ಹತ್ತುವಾಗಲೇ ಕಾಲು ಜಾರಿದ ಹಾಗೆ ಬೆಚ್ಚಿ ಬೀಳುತ್ತಿದ್ದೆ, ಅದರ ಜೊತೆ ಭುಜಕ್ಕೆ ಒಂದು ಎಳೆತ. ದೊಡ್ಡ ಆಪರೇಷನ್ ಆದ ಮೊದಲ ರಾತ್ರಿಗಳಲ್ಲಿ ಕನಸು ಬೀಳುವ ನಿದ್ರೆ ತುಂಬಾ ಕಡಿಮೆ ಆಗುತ್ತದೆ, ಆಮೇಲೆ ಕೆಲವು ದಿನ ಅದು ಬಡ್ಡಿ ಸಮೇತ ಬರುತ್ತದೆ. ಹಾಗಾಗಿ ವಿಚಿತ್ರ ಕನಸಿಗೆ ಹೆದರಬೇಡಿ. ಆದರೆ ತಿಂಗಳು ಕಳೆದರೂ ಅಪಘಾತವೇ ಕಣ್ಣ ಮುಂದೆ ಬರುತ್ತಿದ್ದರೆ, ಮಲಗುವುದಕ್ಕೇ ಭಯ ಆಗುತ್ತಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ಹೋಗಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಕಾಲಕ್ಕೆ ಇದು ಇರಲಿಲ್ಲ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು.

ಕೆಲವಕ್ಕೆ ದಿಂಬು ಸರಿ ಮಾಡುತ್ತಾ ಕೂರಬಾರದು, ಬೆಳಗಾಗಲಿ ಅಂತ ಕಾಯಲೂ ಬಾರದು. ಜ್ವರ, ಗಾಯದಿಂದ ಕೀವು, ಬೆರಳು ತಣ್ಣಗಾಗುವುದು, ನೀಲಿ ಆಗುವುದು, ಹೊಸದಾಗಿ ಜೋಮು ಹಿಡಿಯುವುದು. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು. ಇವಕ್ಕೆ ಕೂಡಲೇ ಆಸ್ಪತ್ರೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ನಾನು ಹೇಳಿದ್ದು ಭುಜಕ್ಕೆ ಮಾತ್ರ. ಮಂಡಿ ಬದಲಿಸಿದವರು ಮಂಡಿಯ ಕೆಳಗೆ ದಿಂಬು ಇಡಲೇಬಾರದು, ಕಾಲು ಬಾಗಿದಂತೆಯೇ ಉಳಿಯುತ್ತದೆ, ಹಿಮ್ಮಡಿಯ ಕೆಳಗೆ ಇಡಬೇಕು. ಸೊಂಟದ ಕೀಲು ಬದಲಿಸಿದವರಿಗೆ ಸಾಮಾನ್ಯವಾಗಿ ಎರಡು ಕಾಲಿನ ನಡುವೆ ದಿಂಬು, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ. ಹೃದಯದ ಬೈಪಾಸ್ ಆದವರು ಕೈ ಊರಿ ಏಳಬಾರದು. ನಿಮ್ಮ ನಿಮ್ಮ ಡಾಕ್ಟರ್ ಹೇಳಿದ್ದೇ ನಿಮಗೆ ಸರಿ.

ಮಗ್ಗುಲಾಗುವುದು ಯಾವಾಗ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇರುತ್ತದೆ. ನನಗೆ ಒಳ್ಳೆಯ ಮಗ್ಗುಲಿಗೆ ತಿರುಗಲು ಆರನೇ ವಾರದಲ್ಲಿ ಎಕ್ಸ್‌ರೇ ನೋಡಿ ಹೇಳಿದರು. ಆಗಲೂ ಎದೆಗೆ ಒಂದು ದಪ್ಪ ದಿಂಬು ಅಪ್ಪಿಕೊಂಡು, ಅದರ ಮೇಲೆ ಪೆಟ್ಟಾದ ಕೈ, ಬೆನ್ನಿಗೆ ಇನ್ನೊಂದು ದಿಂಬು, ಹಿಂದಕ್ಕೆ ಹೊರಳದ ಹಾಗೆ. ಎಡಮಗ್ಗುಲಿಗೆ ಮಲಗಿದ್ದು ಸುಮಾರು ಐದು ತಿಂಗಳಿಗೆ. ಬೋರಲು ಹಾಕಿದ ಕುರ್ಚಿ ಏಳನೇ ವಾರ ಅಡುಗೆಮನೆಗೆ ವಾಪಸ್ ಹೋಯಿತು.

ನಿಮ್ಮ ಮಂಚದ ಯಾವ ಕಡೆ ಗೋಡೆ ಇದೆ, ರಾತ್ರಿಯ ಮಾತ್ರೆ ಎಷ್ಟು ಗಂಟೆಗೆ ತಗೊಳ್ಳುತ್ತಿದ್ದೀರಿ, ಇವೆರಡು ತಿಳಿಸಿ. ಇವತ್ತು ರಾತ್ರಿ ಎರಡು ಬೈರಾಸಿನಿಂದ ಶುರು ಮಾಡಿ.